ಬಿಳಿ ಕಣ್ಣಿನ ಗಂಡು ಮಂಗಟ್ಟೆ

ಬಲಗೈ ನಡುಗಲು ಶುರುವಾಗಿ ಎರಡು ವರ್ಷ ದಾಟಿತು. ಮೊದಲು ಚಹಾದ ಸಾಸರಿನಲ್ಲಿ ಕಟಕಟ ಸದ್ದು ಬಂತು. ಆಮೇಲೆ ಬ್ಯಾಂಕಿನ ಹುಡುಗಿ, ಸಹಿ ಹೊಂದುವುದಿಲ್ಲ, ಇನ್ನೊಮ್ಮೆ ಹಾಕಿ ಎಂದಳು. ಇನ್ನೊಮ್ಮೆ ಹಾಕಿದ್ದೂ ಹೊಂದಲಿಲ್ಲ. ಮೂಡುಬಿದಿರೆಯ ಡಾಕ್ಟರು ಎರಡೂ ಕೈ ಮುಂದೆ ಚಾಚಲು ಹೇಳಿದರು, ಮೂಗು ಮುಟ್ಟಲು ಹೇಳಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ಎಲ್ಲ ಮಾಡಿದೆ. "ಇದು ಪೂರ್ತಿ ಹೋಗುವಂಥದ್ದಲ್ಲ. ಹೆಚ್ಚಾಗದ ಹಾಗೆ ನೋಡುವ," ಎಂದು ಮಾತ್ರೆ ಬರೆದರು. ಮಾತ್ರೆಯಿಂದ ಬಾಯಿ ಒಣಗಿತು, ಮಧ್ಯಾಹ್ನದ ನಿದ್ದೆ ಹೆಚ್ಚಿತು. ಕೈ ತನ್ನ ಪಾಡಿಗೆ ನಡುಗುತ್ತಲೇ ಇತ್ತು.

ನಾನು ಹಕ್ಕಿಗಳ ಫೋಟೊ ತೆಗೆಯುವವನು. ಹೊಟ್ಟೆಪಾಡಿಗಲ್ಲ. ಹೊಟ್ಟೆಪಾಡು ಗಲ್ಫಿನ ಒಂದು ಕೆಫೆಟೇರಿಯಾದ ಕ್ಯಾಶ್ ಕೌಂಟರಿನ ಹಿಂದೆ ಮುಗಿದಿತ್ತು, ಬದುಕಿನ ಗಟ್ಟಿ ಭಾಗವೂ ಅಲ್ಲೇ ಮುಗಿದಿತ್ತು. ಅಲ್ಲಿ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಎದುರು ಕಟ್ಟಡದ ಏಸಿ ಪೆಟ್ಟಿಗೆಗಳು, ಅವುಗಳ ಮೇಲೆ ಪಾರಿವಾಳಗಳು. ಊರಿಗೆ ಹೋದ ಮೇಲೆ ಬೇರೆ ಹಕ್ಕಿ ನೋಡಬೇಕು ಎಂದು ಅಂದುಕೊಳ್ಳುತ್ತಿದ್ದೆ. ಬರುವಾಗ ಎಲ್ಲರೂ ಬಂಗಾರ ತರುತ್ತಾರೆ, ನಾನು ಮೊಳದುದ್ದದ ಲೆನ್ಸ್ ತಂದೆ. ನಮ್ಮ ಸಿದ್ಧಕಟ್ಟೆ ಪೇಟೆಯಲ್ಲಿ ಜನ ನಕ್ಕರು. ನಗಲಿ ಎಂದು ಬಿಟ್ಟೆ. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಬೆಳುವಾಯಿಯ ಗದ್ದೆಗಳಲ್ಲಿ ಮಿಂಚುಳ್ಳಿ, ನಾರಾವಿಯ ಮೇಲಿನ ಗುಡ್ಡಗಳಲ್ಲಿ ಮಂಗಟ್ಟೆ, ಮರಕುಟಿಕ. ಬೆಳಗ್ಗೆ ಹೊರಟರೆ ಬಿಸಿಲೇರುವಾಗ ವಾಪಸು. ಈ ಕ್ಯಾಮೆರಾ ಕೈಬಿಟ್ಟರೆ ನನಗೆ ಉಳಿಯುವುದು ಬಿಪಿ ಮಾತ್ರೆ, ಪೇಪರು ಮತ್ತು ಜಗಲಿ. ಅದನ್ನು ನೆನೆಸಿದರೇ ಹೆದರಿಕೆಯಾಗುತ್ತಿತ್ತು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರೂ ಕಡೆಯ ಹಕ್ಕಿ ಹುಚ್ಚಿನವರದ್ದು ಒಂದು ವಾಟ್ಸಾಪ್ ಗುಂಪು ಉಂಟು. ಹೊಟೇಲಿನವರು, ತೋಟದವರು, ಒಬ್ಬಿಬ್ಬರು ಡಾಕ್ಟರು, ನನ್ನಂಥ ಗಲ್ಫ್ ವಾಪಸಾದವರು. ಗುಂಪಿನ ಹಿರಿಯರು ಮೂಡುಬಿದಿರೆಯ ಒಬ್ಬ ಮೇಷ್ಟ್ರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಆ ಗುಂಪಿನಲ್ಲಿ ನನಗೊಂದು ಹೆಸರಿತ್ತು: ಸ್ಟ್ಯಾಂಡ್ ಇಲ್ಲದೆ ಕೈಯಲ್ಲೇ ಹಿಡಿದು ತೆಗೆಯುವವರು ಎಂದು. ಭಾರದ ಲೆನ್ಸನ್ನು ಎದೆಗೊತ್ತಿಕೊಂಡು, ಉಸಿರು ಕಟ್ಟಿ, ಹಾರುವ ಹಕ್ಕಿಯನ್ನು ಹಿಡಿಯುವುದು ಎಲ್ಲರಿಗೂ ಆಗುವುದಿಲ್ಲ. ನನಗೆ ಆಗುತ್ತಿತ್ತು. ಆ ಹೆಸರು ನನಗೆ ಪ್ರೀತಿಯದ್ದು, ಅದನ್ನು ಹೇಳಲು ನಾಚಿಕೆ ಏನೂ ಇಲ್ಲ. ಕೈ ನಡುಗಿದ ಮೇಲೆ ಸ್ಟ್ಯಾಂಡ್ ಹಿಡಿದುಕೊಂಡು ಹೋಗಬಹುದಿತ್ತು. ಆದರೆ ಹೋದ ಮೊದಲ ದಿನವೇ ಯಾಕೆ ಮಾರಾಯ್ರೆ ಎಂದು ಕೇಳುತ್ತಾರೆ. ಒಬ್ಬ ಕೇಳಿದರೆ ಸಂಜೆಯೊಳಗೆ ಮೂರೂ ತಾಲೂಕಿಗೆ ಗೊತ್ತಾಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮವರು ಸುಮ್ಮನೆ ಹೇಳಿದ್ದಲ್ಲ. ಹಾಗಾಗಿ ಕೈಯಲ್ಲೇ ಹಿಡಿದೆ. ಯಾರಿಗೂ ಏನೂ ಹೇಳಲಿಲ್ಲ.

ಆಶ್ಚರ್ಯವೆಂದರೆ ಫೋಟೊಗಳು ಚೆನ್ನಾಗಿಯೇ ಬರುತ್ತಿದ್ದವು.

ನಮ್ಮ ಮನೆಯಲ್ಲಿ ಕೆಲಸ ಪಾಲಾಗಿದೆ. ಕಾಡು ನನ್ನದು, ಕಂಪ್ಯೂಟರು ಹೆಂಡತಿಯದು. ನಾನು ಗುಂಡಿ ಒತ್ತಿ ಮೆಮೊರಿ ಕಾರ್ಡು ತಂದು ಅವಳ ಮೇಜಿನ ಮೇಲಿಡುತ್ತೇನೆ. ಕ್ಯಾಮೆರಾದ ಹಿಂದಿನ ಪರದೆ ಬೆಂಕಿಪೊಟ್ಟಣದಷ್ಟು, ಅದರಲ್ಲಿ ಎಲ್ಲ ಫೋಟೊವೂ ಚಂದವೇ, ಸಾಲದ್ದಕ್ಕೆ ನನ್ನ ಕನ್ನಡಕ ಮನೆಯಲ್ಲಿರುತ್ತದೆ. ಅವಳು ಮಧ್ಯಾಹ್ನದ ಪಾತ್ರೆ ತೊಳೆದು, ಫ್ಯಾನ್ ಹಾಕಿಕೊಂಡು, ಇನ್ನೂರು ಮುನ್ನೂರು ಫೋಟೊಗಳನ್ನು ಒಂದೊಂದಾಗಿ ನೋಡಿ, ಎರಡೋ ಮೂರೋ ಆರಿಸಿ, ಎಡಿಟ್ ಮಾಡಿ ನನ್ನ ಫೋನಿಗೆ ಕಳಿಸುತ್ತಾಳೆ. ಉಳಿದವು ಏನಾದವು ಎಂದು ನಾನು ಕೇಳಿದವನಲ್ಲ. ಗುಡ್ಡ ಹತ್ತಿ ಇಳಿದವನಿಗೆ ಊಟವಾದರೆ ನಿದ್ದೆ.

ಈ ಕೆಲಸ ಅವಳಿಗೆ ಹೊಸತಲ್ಲ. ನಾನು ಗಲ್ಫಿನಲ್ಲಿದ್ದ ಅಷ್ಟೂ ವರ್ಷ ಅವಳು ಬಂಟ್ವಾಳದ ಒಂದು ಸ್ಟುಡಿಯೋದಲ್ಲಿ ಮದುವೆಯ ಆಲ್ಬಂ ಮಾಡುತ್ತಿದ್ದಳು. ನಮ್ಮ ಕಡೆ ಧಾರೆ ಮುಗಿದ ಮೇಲೆ ಗ್ರೂಪ್ ಫೋಟೊಕ್ಕೆ ಅರ್ಧ ಊರೇ ಮಂಟಪ ಹತ್ತುತ್ತದೆ. ಒಬ್ಬ ಮಾವ ಕಣ್ಣು ಮುಚ್ಚಿರುತ್ತಾರೆ, ಒಬ್ಬ ದೊಡ್ಡಪ್ಪ ಊಟದ ಪಂಕ್ತಿಯ ಕಡೆ ನೋಡುತ್ತಿರುತ್ತಾರೆ. ಫೋಟೊದವನು ಮೂರು ನಾಲ್ಕು ಸಲ ಒತ್ತಿರುತ್ತಾನೆ. ಎಲ್ಲರೂ ಒಟ್ಟಿಗೆ ಕಣ್ಣು ತೆರೆದ ಫೋಟೊ ಒಂದೂ ಇರುವುದಿಲ್ಲ. ಆಗ ಇವಳು ಒಂದು ಫೋಟೊವನ್ನು ಆಧಾರವಾಗಿಟ್ಟುಕೊಂಡು, ಕಣ್ಣು ಮುಚ್ಚಿದ ಮಾವನ ತಲೆ ತೆಗೆದು, ಪಕ್ಕದ ಫೋಟೊದಿಂದ ಅದೇ ಮಾವನ ಕಣ್ಣು ತೆರೆದ ತಲೆ ತಂದು ಕೂರಿಸುತ್ತಾಳೆ. ಸ್ಟುಡಿಯೋದವರು ಇದಕ್ಕೆ ತಲೆ ಬದಲಿಸುವುದು ಎಂದೇ ಹೇಳುತ್ತಾರೆ. ಕುತ್ತಿಗೆಯ ಗೆರೆ ಕಾಣಬಾರದು, ಬೆಳಕು ಒಂದೇ ಕಡೆಯಿಂದ ಬೀಳಬೇಕು. ಬಂಟ್ವಾಳ ಪೇಟೆಯಲ್ಲಿ ತಲೆ ಬದಲಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಅವಳ ಯಜಮಾನರೇ ನನಗೆ ಹೇಳಿದ್ದರು. ಹಾಗೆ ತಲೆ ಬದಲಿಸುವುದನ್ನು ಯಾರೂ ಸುಳ್ಳು ಎಂದು ತಿಳಿದಿರಲಿಲ್ಲ. ಮಾವ ಮದುವೆಗೆ ಬಂದದ್ದು ನಿಜ, ತಲೆಯೂ ಮಾವನದ್ದೇ.

ಹಕ್ಕಿಯ ವಿಷಯದಲ್ಲಿ ನಮ್ಮ ಜಗಳ ಬೇರೆಯೇ ಇತ್ತು. ನನಗೆ ಹಕ್ಕಿ ದೊಡ್ಡದಾಗಿ ಕಾಣಬೇಕು, ಪುಕ್ಕದ ಎಳೆ ಎಳೆ ಎಣಿಸುವಂತಿರಬೇಕು. ಅವಳು ಸುತ್ತ ಜಾಗ ಬಿಡುತ್ತಾಳೆ.

"ಅಷ್ಟು ದೂರದಿಂದ ಲೆನ್ಸ್ ಹೊತ್ತು ತೆಗೆದದ್ದು ಎಲೆ ನೋಡ್ಲಿಕ್ಕಾ?" ಎಂದು ನಾನು.

"ಅದು ನೋಡುವ ಕಡೆ ಸ್ವಲ್ಪ ಜಾಗ ಬೇಡವಾ? ಮದುಮಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸ್ತಾರಾ?" ಎಂದು ಅವಳು.

ಮನೆಯಲ್ಲಿ ನಾವು ಜಗಳವಾಡುವುದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅದರ ಖಾರ ಸ್ವಲ್ಪ ಇಳಿಯುತ್ತದೆ. ಕೊನೆಗೆ ಅವಳು ಹೇಳಿದ ಹಾಗೆಯೇ ಆಗುತ್ತಿತ್ತು, ಯಾಕೆಂದರೆ ಮೌಸ್ ಅವಳ ಕೈಯಲ್ಲಿತ್ತು.

ಕಳೆದ ಬೇಸಗೆಯಲ್ಲಿ ನಾರಾವಿಯಿಂದ ಭಾವ ಫೋನ್ ಮಾಡಿದರು. ಅಕ್ಕನ ಗಂಡ, ರಬ್ಬರು ತೋಟ ಮಾಡಿಕೊಂಡಿದ್ದಾರೆ. ತೋಟದ ಮೇಲ್ತುದಿಯಲ್ಲಿ, ಕಾಡು ಶುರುವಾಗುವಲ್ಲಿ, ಒಂದು ಧೂಪದ ಮರದ ಪೊಟರೆಯಲ್ಲಿ ದೊಡ್ಡ ಮಂಗಟ್ಟೆ ಗೂಡು ಮಾಡಿದೆ ಎಂದರು. ಈ ಹಕ್ಕಿಯ ಸಂಸಾರ ವಿಚಿತ್ರ. ಹೆಣ್ಣು ಪೊಟರೆಯೊಳಗೆ ಹೋಗಿ ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ಮೊಟ್ಟೆ ಇಟ್ಟು, ಮರಿ ಮಾಡಿ, ತಿಂಗಳುಗಟ್ಟಲೆ ಒಳಗೇ. ಅಷ್ಟು ದಿನವೂ ಗಂಡು ಹಣ್ಣು ತಂದು ಸೀಳಿನಲ್ಲಿ ಒಂದೊಂದಾಗಿ ಕೊಡಬೇಕು. ಗಂಡು ಹೆದರಿ ಬರುವುದು ನಿಲ್ಲಿಸಿದರೆ ಒಳಗಿನವರ ಕತೆ ಅಷ್ಟೇ. ಅದಕ್ಕೇ ಭಾವ ಮೊದಲೇ ಹೇಳಿದ್ದರು: "ನೀವು ಬನ್ನಿ ಭಾವ. ಆದರೆ ನಿಮ್ಮ ಗುಂಪಿನವರಿಗೆ ಜಾಗ ಹೇಳುವುದು ಬೇಡ. ಒಬ್ಬರು ಅಡಗಿ ಕೂತರೆ ಅದಕ್ಕೆ ಗೊತ್ತಾಗುವುದಿಲ್ಲ, ಹತ್ತು ಜನ ನಿಂತರೆ ಬರುವುದಿಲ್ಲ."

ಹೋದೆ. ಮರದ ನೆರಳಿನಲ್ಲಿ ಬೆಳಕು ಕಮ್ಮಿ. ತೆಂಗಿನ ಒಣ ಮಡಲು ಅಡ್ಡ ಇಟ್ಟುಕೊಂಡು ಅದರ ಹಿಂದೆ ಕೂತೆ. ಗಂಡು ಬಂತು, ಕಾಂಡಕ್ಕೆ ಕಚ್ಚಿ ನಿಂತು, ಗಂಟಲಿನಿಂದ ಹಣ್ಣು ತೆಗೆದು ಕೊಕ್ಕಿನ ತುದಿಯಲ್ಲಿ ಹಿಡಿಯಿತು. ನಾನು ಒತ್ತುತ್ತಲೇ ಹೋದೆ. ಮನೆಗೆ ಬಂದು ಕಾರ್ಡು ಮೇಜಿನ ಮೇಲಿಟ್ಟು ಮಲಗಿದೆ.

ಅವಳು ಕಳಿಸಿದ ಫೋಟೊ ನೋಡಿ ನನಗೇ ನಂಬಲಿಕ್ಕಾಗಲಿಲ್ಲ. ಮರದ ಒರಟು ತೊಗಟೆ, ಅದಕ್ಕೆ ಒತ್ತಿ ನಿಂತ ಕಪ್ಪು ಬಿಳಿ ರೆಕ್ಕೆ, ಹಳದಿ ಕೊಕ್ಕಿನ ತುದಿಯಲ್ಲಿ ಕೆಂಪು ಹಣ್ಣು, ಕಣ್ಣು ಮಣಿಯ ಹಾಗೆ ಸ್ಪಷ್ಟ. ಪೊಟರೆಯ ಸೀಳು ಒಂದು ಬದಿಗೆ ಇತ್ತು, ನಡುವೆ ಸ್ವಲ್ಪ ಖಾಲಿ. ಫೋನಿನಲ್ಲಿ ಕಂಡದ್ದು ಅಷ್ಟು. ಗುಂಪಿಗೆ ಹಾಕಿದೆ, ಜಾಗದ ಹೆಸರಿಲ್ಲದೆ. ಹೆಬ್ಬೆರಳುಗಳು, ಕೈ ಮುಗಿದ ಚಿತ್ರಗಳು ಸುರಿದವು. ಆ ಸಂಜೆ ಜಗಲಿಯಲ್ಲಿ ಕೂತು ನಡುಗುವ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೂ ಸ್ವಲ್ಪ ವರ್ಷ ನಡೆಯುತ್ತದೆ ಎಂದು ಅಂದುಕೊಂಡೆ.

ಮರುದಿನ ಬೆಳಗ್ಗೆ ಮೇಷ್ಟ್ರ ಫೋನು.

"ಮಾರಾಯ್ರೆ, ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಹಣ್ಣು ತಂದದ್ದು ಗಂಡಲ್ಲ, ಹೆಣ್ಣು."

"ಹೆಣ್ಣು ಒಳಗುಂಟಲ್ಲ ಸರ್," ಎಂದೆ.

"ಅದೇ ನಾನು ಹೇಳುವುದು. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಗಂಡಿನ ಕೊಕ್ಕಿನ ಮೇಲಿನ ಟೊಪ್ಪಿಗೆ ಕಪ್ಪು ಅಂಚು ಉಂಟು, ಹೆಣ್ಣಿಗೆ ಇಲ್ಲ. ನಿಮ್ಮ ಹಕ್ಕಿಯ ಕಣ್ಣು ಬಿಳಿ, ಅಂಚು ಇಲ್ಲ. ಒಳಗೊಂದು ಹೆಣ್ಣು, ಹೊರಗೆ ಹಣ್ಣು ತರುವುದು ಇನ್ನೊಂದು ಹೆಣ್ಣು. ಇದನ್ನು ನಾನು ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ. ಇದನ್ನು ಬರೆಯಬೇಕು ನಾವು. ನಾನು ಎರಡು ಮೂರು ಮಂದಿಗೆ ಹೇಳಿಯಾಯಿತು, ಮಂಗಳೂರಿನಿಂದಲೂ ಬರುತ್ತೇವೆ ಅಂತಿದ್ದಾರೆ. ಆದಿತ್ಯವಾರ ಎಲ್ಲರೂ ಒಟ್ಟಿಗೆ ಹೋಗುವ. ಜಾಗ ನೀವು ಹೇಳಬೇಕು, ಸಂಶೋಧನೆಯ ವಿಷಯ ಇದು, ಹೇಳದೆ ಇರಬಾರದು."

ಆಯಿತು ಎಂದು ಫೋನ್ ಇಟ್ಟೆ. ಇಟ್ಟವನಿಗೆ ಕುರ್ಚಿಯಿಂದ ಏಳಲು ಮನಸ್ಸಾಗಲಿಲ್ಲ. ಆ ಗಂಡಿನ ಕಣ್ಣನ್ನು ನಾನು ಲೆನ್ಸಿನಲ್ಲಿ ನೋಡಿದ್ದೆ. ಕೆಂಪೇ ಇತ್ತು, ಚೆನ್ನಾಗಿ ನೆನಪಿದೆ. ಫೋಟೊವನ್ನು ಬೆರಳಿನಲ್ಲಿ ಹಿಗ್ಗಿಸಿ ನೋಡಿದೆ. ಬಿಳಿ.

ಅಡುಗೆಮನೆಯಲ್ಲಿ ಅವಳು ಬಂಗುಡೆ ಮೀನು ಶುಚಿ ಮಾಡುತ್ತಿದ್ದಳು. ಫೋನನ್ನು ಅವಳ ಮುಖದ ಮುಂದೆ ಹಿಡಿದೆ.

"ಇದರ ಕಣ್ಣು ಯಾಕೆ ಬಿಳಿ?"

ಅವಳು ನೋಡಿದಳು. "ಬಿಳಿಯೇ ಅಲ್ವಾ ಅದರದ್ದು?"

"ಗಂಡಿನದ್ದು ಕೆಂಪು ಮಾರಾಯ್ತಿ."

"ಗಂಡಿಗೊಂದು ಬಣ್ಣ, ಹೆಣ್ಣಿಗೊಂದು ಬಣ್ಣ ಉಂಟು ಅಂತ ನನಗೆ ಯಾರು ಹೇಳಿದ್ದಾರೆ?" ಎಂದಳು. ನಲ್ಲಿ ತಿರುಗಿಸಿ ಕೈ ತೊಳೆದಳು. "ತಲೆ ಬೇರೆ ಫೋಟೊದ್ದು. ನೀವು ಮೂರು ನಾಲ್ಕು ವರ್ಷ ಹಿಂದೆ ಮಳೆಗಾಲ ಮುಗಿದ ಮೇಲೆ ಗೋಳಿಮರದಲ್ಲಿ ತೆಗೆದದ್ದು ಉಂಟಲ್ಲ, ಜೋಡಿ? ಅದರಲ್ಲಿ ಒಂದು ತಲೆ ಚಂದ ಬಂದಿತ್ತು. ಬೆಳಕೂ ಇದೇ ಬದಿಯಿಂದ. ಅದನ್ನೇ ಕೂರಿಸಿದೆ. ಅದೇ ಹಕ್ಕಿ ಅಂತ ನಾನು ತಿಳಿದದ್ದು."

ಮಾವನ ತಲೆ ಮಾವನಿಗೇ ಕೂರಿಸಿದೆ ಎಂದು ಅವಳ ಲೆಕ್ಕ. ಕೂರಿಸಿದ್ದು ಅತ್ತೆಯ ತಲೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

"ಇದರ ಸ್ವಂತ ತಲೆಗೆ ಎಂತ ಆಗಿತ್ತು?" ಎಂದು ಕೇಳಿದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಕಂಪ್ಯೂಟರು ಹಾಕಿದಳು. ನಾನು ಹಿಂದೆ ನಿಂತೆ. ನಾನು ತಂದುಕೊಟ್ಟ ಫೋಟೊ, ನಾನು ಒತ್ತಿದ ಹಾಗೆಯೇ, ಪರದೆಯ ತುಂಬ ಬಂತು. ತೊಗಟೆಯೆಲ್ಲ ಎರಡೆರಡು. ಹಣ್ಣು ಒಂದು ಕೆಂಪು ಗೀಚು. ತಲೆ ಇರಬೇಕಾದಲ್ಲಿ ಹಳದಿ ಮಸುಕು, ಕಣ್ಣೇ ಇಲ್ಲ. ಅವಳು ಮುಂದಿನದನ್ನು ಒತ್ತಿದಳು, ಅದೂ ಹಾಗೆಯೇ. ಅದರ ಮುಂದಿನದೂ. ರೆಕ್ಕೆ ಒಂದರಲ್ಲಿ ಸ್ವಲ್ಪ ಸರಿ ಬಂದಿತ್ತು, ಕೊಕ್ಕಿನ ತುದಿ ಇನ್ನೊಂದರಲ್ಲಿ. ಎಲ್ಲೆಲ್ಲಿಂದಲೋ ಹೆಕ್ಕಿ ಒಂದು ಹಕ್ಕಿ ಮಾಡಿದ್ದಳು.

"ಇದೊಂದೇಯಾ?" ಎಂದೆ.

ಅವಳು ಹಳೆಯ ಫೋಲ್ಡರುಗಳನ್ನು ತೆರೆದಳು. ಗುಂಪಿನಲ್ಲಿ ಎಲ್ಲರೂ ಹೊಗಳಿದ ಮಿಂಚುಳ್ಳಿ. ಮೇಷ್ಟ್ರು ತಮ್ಮ ಭಾಷಣದಲ್ಲಿ ತೋರಿಸಿದ ಮರಕುಟಿಕ. ಎಲ್ಲದರ ಮೂಲ ಫೋಟೊಗಳೂ ಅಲ್ಲಿದ್ದವು, ಎಲ್ಲವೂ ನಡುಗಿದ್ದವು. ಮಿಂಚುಳ್ಳಿಗೆ ನಾನು ಗಲ್ಫಿನಿಂದ ಬಂದ ವರ್ಷ ತೆಗೆದ ಮಿಂಚುಳ್ಳಿಯ ತಲೆ. ಮರಕುಟಿಕಕ್ಕೆ ಬೇರೊಂದು ವರ್ಷದ ಮರಕುಟಿಕದ ತಲೆ. ಕೈ ಗಟ್ಟಿಯಿದ್ದಾಗ ತೆಗೆದ ಹಕ್ಕಿಗಳನ್ನು ಅವಳು ಸ್ವಲ್ಪ ಸ್ವಲ್ಪವಾಗಿ ಖರ್ಚು ಮಾಡುತ್ತ ಬಂದಿದ್ದಳು.

"ನನಗೆ ಹೇಳ್ಬೇಕಿತ್ತಲ್ಲ ನೀನು."

"ಹೇಳಿದರೆ ಕ್ಯಾಮೆರಾ ಕೆಳಗೆ ಇಡ್ತಿದ್ದಿರಿ. ಕೆಳಗೆ ಇಟ್ಟರೆ ದಿನವಿಡೀ ಮನೆಯಲ್ಲಿರ್ತೀರಿ. ನನಗೂ ಬದುಕಬೇಕಲ್ಲ," ಎಂದಳು. ತಮಾಷೆ ಮಾಡಲು ನೋಡಿದಳು, ಆಗಲಿಲ್ಲ. ಕಣ್ಣು ತುಂಬಿತ್ತು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಅವಳ ಮೇಲೆ ಎಗರಾಡಿದೆ, ಕ್ಯಾಮೆರಾ ಕಂಪನಿಗೆ ಬೈದೆ, ಬೆಳಕು ಸರಿಯಿರಲಿಲ್ಲ ಎಂದೆ. ಕುಣಿಯಲಾರದವನಿಗೆ ನೆಲ ಡೊಂಕು. ಅವಳು ಎದ್ದು ಹೋಗಿ ಬಂಗುಡೆಗೆ ಮಸಾಲೆ ಹಾಕಿದಳು. ಮಧ್ಯಾಹ್ನ ಇಬ್ಬರೂ ಉಂಡೆವು. ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಉಣ್ಣುವುದು ನನಗೆ ಆಗ ಅಭ್ಯಾಸವಾಗಿತ್ತು. ಅವಳು ಅದನ್ನು ನೋಡದ ಹಾಗೆ ಉಣ್ಣುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಗುಂಪಿನಲ್ಲಿ ಅಷ್ಟರಲ್ಲಿ ಆದಿತ್ಯವಾರದ ತಯಾರಿ ನಡೆದಿತ್ತು. ಯಾರ ಕಾರು, ಎಲ್ಲಿ ತಿಂಡಿ, ಎಷ್ಟು ಹೊತ್ತಿಗೆ ಹೊರಡುವುದು. ಜಾಗ ಯಾವುದು ಎಂದು ಒಬ್ಬೊಬ್ಬರೇ ನನಗೆ ಬೇರೆಯಾಗಿ ಮೆಸೇಜು ಮಾಡುತ್ತಿದ್ದರು. ನಾನು ಹೇಳದಿದ್ದರೂ ಹುಡುಕುತ್ತಾರೆ. ನನ್ನ ಭಾವ ನಾರಾವಿಯಲ್ಲಿದ್ದಾರೆ ಎಂಬುದು ಗುಟ್ಟೇನಲ್ಲ. ಅಷ್ಟು ಜನ ಅಷ್ಟು ಉದ್ದದ ಲೆನ್ಸ್ ಹಿಡಿದು ಧೂಪದ ಮರದ ಕೆಳಗೆ ನಿಂತರೆ ಗಂಡು ತೋಟದ ಮೇಲೆ ಒಂದು ಸುತ್ತು ಹಾಕಿ ಹೋಗಿಬಿಡುತ್ತದೆ. ಒಳಗಿನದು ಸೀಳಿನಲ್ಲಿ ಕೊಕ್ಕು ಇಟ್ಟುಕೊಂಡು ಕಾಯುತ್ತಿರುತ್ತದೆ. ಇಲ್ಲದ ಒಂದು ಹೆಣ್ಣನ್ನು ನೋಡಲು ಬಂದು ಇರುವ ಹೆಣ್ಣನ್ನು ಕೊಂದ ಹಾಗೆ ಆಗುತ್ತದೆ.

ಮೇಷ್ಟ್ರಿಗೆ ಫೋನ್ ಮಾಡಿ, ಫೋಟೊ ಸರಿಯಿಲ್ಲ ಸರ್, ಬೆಳಕಿನ ದೋಷ, ಕಣ್ಣು ಹಾಗೆ ಕಂಡದ್ದು ಎಂದೆ. ಅವರು ಕೇಳಲಿಲ್ಲ. "ಟೊಪ್ಪಿಯ ಕಪ್ಪು ಅಂಚನ್ನೂ ಬೆಳಕು ಅಳಿಸಿತಾ? ನೀವು ಒಂದು ಕೆಲಸ ಮಾಡಿ, ಒರಿಜಿನಲ್ ಕಳಿಸಿ. ಕ್ಯಾಮೆರಾದಿಂದ ಬಂದದ್ದು ಹಾಗೆಯೇ. ನಾನೇ ನೋಡ್ತೇನೆ." ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ಒರಿಜಿನಲ್ ಒಂದಲ್ಲ ಒಂದು ದಿನ ಕೇಳುವವರೇ ಇದ್ದರು.

ಶನಿವಾರ ಬೆಳಗ್ಗೆ ಹೆಂಡತಿಯ ಹತ್ತಿರ ಹೇಳಿ ಆ ಮಸುಕು ಫೋಟೊವನ್ನು ಗುಂಪಿಗೇ ಹಾಕಿಸಿದೆ, ಎಲ್ಲರೂ ನೋಡಲಿ ಎಂದು. ಕೆಳಗೆ ಬರೆಸಿದೆ: ಮೂಲ ಫೋಟೊ ಇದು. ತಲೆ ಬೇರೆ ಹಕ್ಕಿಯದು, ಎಡಿಟ್ ಮಾಡುವಾಗ ಕೂರಿಸಿದ್ದು. ಎರಡನೆಯ ಹೆಣ್ಣು ಎಂಬುದು ಇಲ್ಲ. ದಯವಿಟ್ಟು ಯಾರೂ ಗೂಡು ಹುಡುಕಬೇಡಿ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲು ಧೈರ್ಯ ಬರಲಿಲ್ಲ. ಆ ದಿನ ನನಗೆ ಜ್ವರವಿತ್ತು, ಅದಕ್ಕೆ ಕೈ ನಡುಗಿತು ಎಂದೂ ಸೇರಿಸಲು ಹೇಳಿದೆ. ಅವಳು ಒಮ್ಮೆ ತಿರುಗಿ ನನ್ನ ಮುಖ ನೋಡಿದಳು, ಆಮೇಲೆ ಜ್ವರ ಎಂದು ಟೈಪ್ ಮಾಡಿದಳು.

ಗುಂಪಿನವರು ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಮೇಷ್ಟ್ರು ಆದಿತ್ಯವಾರದ ಕಾರ್ಯಕ್ರಮ ರದ್ದು ಎಂದು ಹಾಕಿದರು. ನನಗೆ ಬೇರೆಯಾಗಿ, "ಹೀಗೆ ಮಾಡಬಾರದಿತ್ತು ನೀವು. ಇರಲಿ. ಆರೋಗ್ಯ ನೋಡಿಕೊಳ್ಳಿ," ಎಂದು ಬರೆದರು. ಒಬ್ಬ ಡಾಕ್ಟರು ಜ್ವರಕ್ಕೆ ಮಾತ್ರೆಯ ಹೆಸರು ಕಳಿಸಿದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಈ ಒಳ್ಳೆಯತನ ತಡೆದುಕೊಳ್ಳುವುದು ಕಷ್ಟವಾಯಿತು.

ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಕಪಾಟಿನ ಮೇಲಿಟ್ಟೆ. ಸೆಕೆಯೋ ಸೆಕೆ. ಬೆಳಗ್ಗೆ ಪೇಪರು, ಮಧ್ಯಾಹ್ನ ನಿದ್ದೆ, ಸಂಜೆ ಜಗಲಿ. ಅವಳು ಹೇಳಿದ್ದು ನಿಜ, ಮನೆಯಲ್ಲೇ ಕೂತ ನನ್ನ ಜೊತೆ ಬದುಕುವುದು ಸುಲಭವಲ್ಲ. ಸಾಂಬಾರಿಗೆ ಉಪ್ಪು ಜಾಸ್ತಿ ಎಂದೆ, ಪಕ್ಕದ ಮನೆಯ ಕೋಳಿ ಕೂಗುತ್ತದೆ ಎಂದೆ, ಫ್ಯಾನು ತಿರುಗುವುದಿಲ್ಲ ಎಂದೆ. ತಂತಿಯ ಮೇಲೆ ಬಂದು ಕೂತ ಕಾಜಾಣವನ್ನು ನೋಡದೆ ಮುಖ ತಿರುಗಿಸಿದೆ. ಒಂದು ಸಂಜೆ ಅವಳು ಚಹಾ ತಂದು ಕೊಟ್ಟಳು. ಸಾಸರು ಇರಲಿಲ್ಲ, ದೊಡ್ಡ ಲೋಟದಲ್ಲಿ ಅರ್ಧ ಮಾತ್ರ ಹಾಕಿದ್ದಳು.

"ಆ ಹಕ್ಕಿಯನ್ನು ನನಗೊಮ್ಮೆ ತೋರಿಸಿ," ಎಂದಳು.

"ಎಂತಕ್ಕೆ?"

"ಅದರ ಕಣ್ಣಿನ ಅಂಚು, ಕುತ್ತಿಗೆಯ ಕೂದಲು, ಎಲ್ಲ ನನಗೆ ಗೊತ್ತುಂಟು. ದೊಡ್ಡದು ಮಾಡಿ ಮಾಡಿ ನೋಡಿದ್ದೇನೆ. ಹಾರುವುದು ಹೇಗೆ ಅಂತ ಗೊತ್ತಿಲ್ಲ. ಇಷ್ಟು ವರ್ಷ ಒಂದು ದಿನ ಬಾ ಅಂತ ನೀವು ಹೇಳಿದ್ದುಂಟಾ?"

ಹೇಳಿರಲಿಲ್ಲ. ನಾರಾವಿಗೆ ಅವಳು ಹೋದದ್ದೆಲ್ಲ ಅಕ್ಕನ ಮನೆಯ ಕಾರ್ಯಗಳಿಗೆ, ಕಂಡದ್ದು ಅಡುಗೆಕೋಣೆ. ಕಾಡು ನನ್ನದು ಎಂದು ಪಾಲು ಮಾಡಿದವನು ನಾನೇ.

"ಹೋಗುವ," ಎಂದೆ.

ಹಿಂದಿನ ಸಂಜೆಯೇ ಬಸ್ಸಿನಲ್ಲಿ ಹೋಗಿ ಭಾವನ ಮನೆಯಲ್ಲಿ ಉಳಿದೆವು. ಕ್ಯಾಮೆರಾ ಬೇಡವೆಂದು ನಾನು ಬಿಟ್ಟು ಹೊರಟಿದ್ದೆ. ಅವಳೇ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಬೆಳಕು ಹರಿಯುವಾಗ ರಬ್ಬರು ಮರಗಳ ನಡುವೆ ಗುಡ್ಡ ಹತ್ತಿದೆವು. ಅವಳು ಬಳೆಗಳನ್ನು ತೆಗೆದು ಅಕ್ಕನ ಹತ್ತಿರ ಕೊಟ್ಟು ಬಂದಿದ್ದಳು, ಸದ್ದಾಗಬಾರದೆಂದು. ನಾನು ಹೇಳಿಕೊಟ್ಟದ್ದಲ್ಲ. ಮಡಲಿನ ಹಿಂದೆ ಇಬ್ಬರೂ ಒತ್ತಿಕೊಂಡು ಕೂತೆವು. ಇರುವೆ ಕಚ್ಚಿತು, ಸೊಳ್ಳೆ ಕಚ್ಚಿತು. ಅವಳು ಅಲುಗಾಡಲಿಲ್ಲ. ನನಗೇ ಸೊಂಟ ನೋಯುತ್ತಿತ್ತು.

ಮೊದಲು ಕೇಳಿಸಿದ್ದು ರೆಕ್ಕೆಯ ಸದ್ದು, ಯಾರೋ ದೊಡ್ಡ ಗೆರಸೆಯಲ್ಲಿ ಭತ್ತ ಗಾಳಿಗೆ ತೂರಿದ ಹಾಗೆ. ಅವಳು ನನ್ನ ಮೊಣಕೈ ಹಿಡಿದಳು. ಗಂಡು ಬಂದು ಕಾಂಡಕ್ಕೆ ಕಚ್ಚಿ ನಿಂತಿತು. ನಾನು ಅಭ್ಯಾಸದಿಂದ ಕ್ಯಾಮೆರಾ ಎತ್ತಿದೆ. ಲೆನ್ಸಿನೊಳಗೆ ಹಕ್ಕಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಹಕ್ಕಿ ಕುಣಿಯುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಉಸಿರು ಕಟ್ಟಿದೆ, ಮೊಣಕೈಯನ್ನು ಪಕ್ಕೆಗೆ ಒತ್ತಿದೆ. ಮೊದಲು ಇಷ್ಟು ಮಾಡಿದರೆ ಎಲ್ಲ ನಿಲ್ಲುತ್ತಿತ್ತು. ಈಗ ನಿಲ್ಲಲಿಲ್ಲ. ಕ್ಯಾಮೆರಾವನ್ನು ಅವಳ ಮಡಿಲಿಗೆ ಇಟ್ಟೆ.

ಅವಳು ಬೇಡ ಎನ್ನಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಲೆನ್ಸಿನ ಭಾರಕ್ಕೆ ಮೊದಲು ಸ್ವಲ್ಪ ಬಾಗಿದಳು, ಆಮೇಲೆ ಮೊಣಕಾಲಿನ ಮೇಲೆ ಮೊಣಕೈ ಊರಿಕೊಂಡು ಕಣ್ಣಿಟ್ಟಳು. ಒತ್ತಲಿಲ್ಲ. ನೋಡುತ್ತಲೇ ಇದ್ದಳು.

"ಕೆಂಪೇ," ಎಂದಳು ಪಿಸುದನಿಯಲ್ಲಿ.

"ಒತ್ತು," ಎಂದೆ.

ಒತ್ತಿದಳು. ಒಂದೇ ಸಲ. ಅಷ್ಟರಲ್ಲಿ ಗಂಡು ಕೊನೆಯ ಹಣ್ಣು ಕೊಟ್ಟು ಹಾರಿತ್ತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದೆವು. ಮೊದಲ ಸಲ ನಾನು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ಕಣ್ಣು ಕೆಂಪು, ಅದರೊಳಗೆ ಆಕಾಶದ ಒಂದು ಚೂರು. ಟೊಪ್ಪಿಯ ಕಪ್ಪು ಅಂಚು ನಿಚ್ಚಳ. ಸೀಳಿನಿಂದ ಹೊರಗೆ ಬಂದ ಹೆಣ್ಣಿನ ಕೊಕ್ಕಿನ ತುದಿ, ಅದರೆದುರು ಗಂಡಿನ ಕೊಕ್ಕಿನಲ್ಲಿ ಹಣ್ಣು, ಎರಡರ ನಡುವೆ ಒಂದು ಬೆರಳಿನಷ್ಟು ಜಾಗ. ಕತ್ತರಿಸುವುದಕ್ಕೂ ಇರಲಿಲ್ಲ, ಅಳಿಸುವುದಕ್ಕೂ ಇರಲಿಲ್ಲ. ಅಂಥ ಫೋಟೊ ನಾನು ಕೈ ಗಟ್ಟಿಯಿದ್ದಾಗಲೂ ತೆಗೆದಿರಲಿಲ್ಲ. ನನಗೆ ಹೊಟ್ಟೆ ಉರಿಯಿತು. ಹೆಂಡತಿಯ ಮೇಲೆ ಹೊಟ್ಟೆ ಉರಿಯುವುದು ಎಂಥ ಸಣ್ಣತನ ಎಂದು ಗೊತ್ತಿದ್ದೂ ಉರಿಯಿತು.

"ಗುಂಪಿಗೆ ಹಾಕಿ," ಎಂದಳು. "ಮೇಷ್ಟ್ರು ನೋಡಲಿ, ಗಂಡೇ ಅಂತ ಗೊತ್ತಾಗಲಿ."

ಹಾಕಿದೆ. ಏನೂ ಬರೆಯದೆ ಹಾಕಿದೆ. ಅವಳು ಅನ್ನಕ್ಕೆ ನೀರಿಡಲು ಒಳಗೆ ಹೋದಳು. ಫೋನು ಸದ್ದು ಮಾಡತೊಡಗಿತು. ಮೊದಲು ಮೇಷ್ಟ್ರದ್ದು: "ಇದು ನೋಡಿ ಫೋಟೊ ಅಂದ್ರೆ. ಇದರ ಒರಿಜಿನಲ್ ಕೇಳುವುದಿಲ್ಲ ನಾನು." ಆಮೇಲೆ ಜ್ವರದ ಮಾತ್ರೆ ಹೇಳಿದ ಡಾಕ್ಟರದ್ದು: "ಜ್ವರ ಬಿಟ್ಟಿತು ಅಂತ ಕಾಣ್ತದೆ. ಹಳೆಯ ಕೈ ವಾಪಸು ಬಂತು." ಅದರ ಹಿಂದೆ ಉಳಿದವರೆಲ್ಲ. ಹಳೆಯ ಕೈ, ಹಳೆಯ ಕೈ ಎಂದು ಎಲ್ಲರೂ ಅದನ್ನೇ ಬರೆದರು. ಓದುತ್ತ ಕೂತೆ. ಅದನ್ನು ಹಾಗೆಯೇ ಬಿಡಬೇಕೆಂದು ಎಷ್ಟು ಆಸೆಯಾಯಿತು ಎಂದರೆ ಹೇಳಲಿಕ್ಕಾಗುವುದಿಲ್ಲ.

ಅವಳು ಬಂದು ನನ್ನ ಹೆಗಲ ಮೇಲಿನಿಂದ ಬಗ್ಗಿ ಎಲ್ಲವನ್ನೂ ಓದಿದಳು.

"ಇರಲಿ ಬಿಡಿ," ಎಂದಳು. "ಯಾರು ಒತ್ತಿದರೆ ಎಂತ. ನಾನಿನ್ನು ನಿಮ್ಮ ಜೊತೆ ಬರುವಾಗಲೆಲ್ಲ ಒತ್ತಿಕೊಡ್ತೇನೆ. ಗೊತ್ತಾಗುವುದು ಯಾರಿಗೆ?"

ನಾನು ಟೈಪ್ ಮಾಡಲು ಶುರುಮಾಡಿದೆ. ಹೆಬ್ಬೆರಳು ಒಂದು ಅಕ್ಷರಕ್ಕೆ ಹೋದರೆ ಪಕ್ಕದ್ದು ಬೀಳುತ್ತಿತ್ತು. ಅಳಿಸಿ ಮತ್ತೆ ಹೊಡೆದೆ. ಮತ್ತೆ ತಪ್ಪಿತು. ಅವಳು ಕೈ ಚಾಚಿ, "ಕೊಡಿ, ಎಂತ ಬರೀಬೇಕು ಹೇಳಿ, ನಾನು ಬರೀತೇನೆ," ಎಂದಳು.

"ಬೇಡ," ಎಂದೆ.

ಅವಳು ನಿಂತೇ ಇದ್ದಳು. ಒಳಗೆ ಅನ್ನದ ನೀರು ಉಕ್ಕಿ ಒಲೆಯ ಮೇಲೆ ಚೊರ್ ಎಂದದ್ದು ಇಬ್ಬರಿಗೂ ಕೇಳಿಸಿತು, ಇಬ್ಬರೂ ಹೋಗಲಿಲ್ಲ. ಕೊನೆಗೆ ಅಷ್ಟೂ ಅಕ್ಷರ ಸರಿಯಾದ ಮೇಲೆ ಕಳಿಸಿದೆ: ತೆಗೆದದ್ದು ನನ್ನ ಹೆಂಡತಿ. ನನಗೆ ಜ್ವರ ಇರಲಿಲ್ಲ. ನನಗೆ ಇನ್ನು ಆಗುವುದಿಲ್ಲ.